ಎರಡು ವರ್ಷದ ಕಾಲೇಜಿನಲ್ಲಿ ಮೂರನೆಯ ವರ್ಷ

ಅಮೆರಿಕದ ಕಮ್ಯುನಿಟಿ ಕಾಲೇಜು ಕಾಗದದ ಮೇಲೆ ಎರಡು ವರ್ಷದ ಕಾಲೇಜು. ಹೈಸ್ಕೂಲು ಮುಗಿಸಿದವರು ಅಲ್ಲಿ ಪದವಿಯ ಮೊದಲರ್ಧ ಓದಿ, ಉಳಿದರ್ಧಕ್ಕೆ ವಿಶ್ವವಿದ್ಯಾಲಯಕ್ಕೆ ವರ್ಗವಾಗಿ, ನಾಲ್ಕು ವರ್ಷಕ್ಕೆ ಪದವೀಧರರಾಗಬೇಕೆಂಬುದು ಲೆಕ್ಕ. ಆ ಲೆಕ್ಕದಂತೆ ನಡೆಯುವವರು ಕಡಿಮೆ. ಕ್ಯಾಲಿಫೋರ್ನಿಯಾದ ಸರ್ಕಾರಿ ಲೆಕ್ಕಪರಿಶೋಧಕರು 2024ರಲ್ಲಿ ಕೊಟ್ಟ ವರದಿಯ ಪ್ರಕಾರ, ವಿಶ್ವವಿದ್ಯಾಲಯಕ್ಕೆ ಹೋಗುವ ಉದ್ದೇಶದಿಂದಲೇ 2017ರಿಂದ 2019ರ ನಡುವೆ ಸೇರಿದವರಲ್ಲಿ ನಾಲ್ಕು ವರ್ಷದೊಳಗೆ ವರ್ಗವಾದವರು ಸುಮಾರು ಐವರಲ್ಲಿ ಒಬ್ಬರು. ಉಳಿದವರಲ್ಲಿ ಕೆಲವರು ಓದು ಬಿಟ್ಟಿದ್ದರು, ಕೆಲವರು ಇನ್ನೂ ಅಲ್ಲೇ ಇದ್ದರು. ಹೀಗೆ ಹೆಚ್ಚು ವರ್ಷ ಉಳಿಯುವುದು ನಷ್ಟವೋ ಲಾಭವೋ ಎಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಉತ್ತರವಿಲ್ಲ. ಆ ಹೆಚ್ಚಿನ ವರ್ಷ ಯಾವುದರಿಂದ ಬಂತು, ಮುಂದಿನ ಎಷ್ಟು ವರ್ಷವನ್ನು ಅದು ಉಳಿಸಿತು ಎಂಬುದರ ಮೇಲೆ ಉತ್ತರ ನಿಲ್ಲುತ್ತದೆ. ಈ ವ್ಯವಸ್ಥೆ ಅತಿ ದೊಡ್ಡದಾಗಿ ಬೆಳೆದಿರುವುದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಇಂಥ ಕಾಲೇಜುಗಳು 116 ಇವೆ. ಹಾಗಾಗಿ ಈ ಲೇಖನದ ಉದಾಹರಣೆಗಳು ಬಹುಪಾಲು ಅಲ್ಲಿಯವೇ.

ಎರಡು ವರ್ಷ ಎಂಬ ಅಳತೆ ಹುಟ್ಟಿದ್ದು ವಿಶ್ವವಿದ್ಯಾಲಯಗಳ ಅನುಕೂಲಕ್ಕೆ. ಶಿಕಾಗೋ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷ ವಿಲಿಯಂ ರೈನೀ ಹಾರ್ಪರ್ ಪದವಿ ಶಿಕ್ಷಣವನ್ನು ಮೇಲು ಮತ್ತು ಕೆಳಗು ಎಂದು ಎರಡು ಭಾಗ ಮಾಡಿದರು. ಕೆಳಗಿನ ಭಾಗವನ್ನು ಬೇರೆ ಸಂಸ್ಥೆಗಳು ಕಲಿಸಲಿ, ವಿಶ್ವವಿದ್ಯಾಲಯ ಮೇಲಿನದನ್ನೂ ಸಂಶೋಧನೆಯನ್ನೂ ನೋಡಿಕೊಳ್ಳಲಿ ಎಂಬುದು ಅವರ ಆಲೋಚನೆ. ಅವರ ಪ್ರೇರಣೆಯಿಂದ 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನ ಹೈಸ್ಕೂಲಿನಲ್ಲೇ ಮುಂದಿನ ತರಗತಿಗಳು ಆರಂಭವಾದವು. ಈಗಲೂ ನಡೆಯುತ್ತಿರುವ ಸರ್ಕಾರಿ ಕಮ್ಯುನಿಟಿ ಕಾಲೇಜುಗಳಲ್ಲಿ ಅತಿ ಹಳೆಯದು ಅದೇ. ಕ್ಯಾಲಿಫೋರ್ನಿಯಾ 1907ರ ಕಾನೂನಿನಲ್ಲಿ ಹೈಸ್ಕೂಲುಗಳಿಗೆ ಇಂಥ ಅನುಮತಿ ಕೊಟ್ಟಿತು. 1910ರಲ್ಲಿ ಫ್ರೆಸ್ನೋ ಅದನ್ನು ಮೊದಲು ಬಳಸಿಕೊಂಡಿತು. ಎರಡನೆಯ ಮಹಾಯುದ್ಧ ಮುಗಿಸಿ ಬಂದ ಸೈನಿಕರು 1944ರ ಜಿಐ ಕಾನೂನಿನ ನೆರವಿನಿಂದ ಕಾಲೇಜುಗಳಿಗೆ ನುಗ್ಗಿದರು. ಅಧ್ಯಕ್ಷ ಟ್ರೂಮನ್ ನೇಮಿಸಿದ ಉನ್ನತ ಶಿಕ್ಷಣ ಆಯೋಗ 1947ರಲ್ಲಿ ಊರೂರಿಗೂ ಇಂಥ ಕಾಲೇಜು ಬೇಕೆಂದು ಹೇಳಿತು. ಅದುವರೆಗೆ ಜೂನಿಯರ್ ಕಾಲೇಜು ಎನಿಸಿಕೊಂಡಿದ್ದವುಗಳಿಗೆ ಕಮ್ಯುನಿಟಿ ಕಾಲೇಜು ಎಂಬ ಹೆಸರು ಬಳಕೆಗೆ ಬಂದದ್ದು ಆ ವರದಿಯ ನಂತರ.

ಇಂದಿನ ಚೌಕಟ್ಟು ನಿಂತಿರುವುದು 1960ರ ಕ್ಯಾಲಿಫೋರ್ನಿಯಾ ಮಾಸ್ಟರ್ ಪ್ಲಾನಿನ ಮೇಲೆ. ಆಗ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ, ಅಂದರೆ ಯುಸಿಯ, ಅಧ್ಯಕ್ಷರಾಗಿದ್ದ ಕ್ಲಾರ್ಕ್ ಕೆರ್ ಇದರ ಮುಖ್ಯ ಶಿಲ್ಪಿ. ಹೈಸ್ಕೂಲಿನಲ್ಲಿ ಮೊದಲ ಎಂಟನೇ ಒಂದು ಭಾಗಕ್ಕೆ ಸೇರಿದವರಿಗೆ ಯುಸಿ, ಮೊದಲ ಮೂರನೇ ಒಂದು ಭಾಗದವರಿಗೆ ರಾಜ್ಯ ವಿಶ್ವವಿದ್ಯಾಲಯಗಳು, ಕಲಿಯಲು ಬಂದ ಯಾರಿಗಾದರೂ ಕಮ್ಯುನಿಟಿ ಕಾಲೇಜು ಎಂದು ಯೋಜನೆ ಹಂಚಿಕೊಟ್ಟಿತು. ಹಂಚಿಕೆ ಕಟ್ಟುನಿಟ್ಟಾಗಿತ್ತು, ಅದನ್ನು ಸಹ್ಯವಾಗಿಸಿದ್ದು ವರ್ಗಾವಣೆಯ ಭರವಸೆ. ಹದಿನೆಂಟನೆಯ ವಯಸ್ಸಿನಲ್ಲಿ ಮುಚ್ಚಿದ ಬಾಗಿಲು ಇಪ್ಪತ್ತನೆಯ ವಯಸ್ಸಿಗೆ ಮತ್ತೆ ತೆರೆಯುತ್ತದೆ ಎಂದು ಅದು ಹೇಳಿತು. ಇಪ್ಪತ್ತೊಂದಕ್ಕೆ ಅಥವಾ ಇಪ್ಪತ್ತೆರಡಕ್ಕೆ ಬಾಗಿಲ ಬಳಿ ಬಂದವರ ಗತಿ ಏನೆಂದು ಯೋಜನೆ ವಿಸ್ತಾರವಾಗಿ ಯೋಚಿಸಲಿಲ್ಲ.

ವಿಳಂಬದ ಮೊದಲ ಕಾರಣ ಬರೀ ಗಣಿತ. ಯುಸಿಗೆ ಮೂರನೆಯ ವರ್ಷದ ವಿದ್ಯಾರ್ಥಿಯಾಗಿ ಸೇರಲು 60 ಸೆಮಿಸ್ಟರ್ ಯುನಿಟ್, ಅಂದರೆ ಕ್ರೆಡಿಟ್, ಬೇಕು. ಕ್ವಾರ್ಟರ್ ಪದ್ಧತಿಯ ಕಾಲೇಜುಗಳಲ್ಲಿ ಅದೇ 90 ಯುನಿಟ್ ಆಗುತ್ತದೆ. ಹಣಕಾಸು ನೆರವಿನ ಕಚೇರಿಯ ಲೆಕ್ಕದಲ್ಲಿ ಒಂದು ಸೆಮಿಸ್ಟರಿಗೆ 12 ಯುನಿಟ್ ಓದುವವರು ಪೂರ್ಣಾವಧಿ ವಿದ್ಯಾರ್ಥಿಗಳು. ನಾಲ್ಕು ಸೆಮಿಸ್ಟರಿಗೆ 12ರಂತೆ ಓದಿದರೆ ಆಗುವುದು 48. ಎರಡು ವರ್ಷಕ್ಕೆ ಮುಗಿಸಲು ಪ್ರತಿ ಸೆಮಿಸ್ಟರಿಗೆ 15 ಬೇಕು, ಇಲ್ಲವೇ ಬೇಸಿಗೆಯಲ್ಲೂ ಓದಬೇಕು. ಪೂರ್ಣಾವಧಿ ಎಂಬ ಪದವನ್ನು ನಂಬಿ, ಒಂದು ವಿಷಯದಲ್ಲೂ ಫೇಲಾಗದೆ, ಒಂದು ತರಗತಿಯನ್ನೂ ಬಿಡದೆ ಓದಿದ ವಿದ್ಯಾರ್ಥಿಯೂ ಹೀಗೆ ಐದನೆಯ ಸೆಮಿಸ್ಟರಿಗೆ ಬಂದು ನಿಲ್ಲುತ್ತಾನೆ. ಅಂಗಡಿಯಲ್ಲೋ ಹೋಟೆಲಿನಲ್ಲೋ ಕೆಲಸ ಮಾಡಿಕೊಂಡು ಸಂಜೆ ಎರಡು ವಿಷಯ ಓದುವವರಿಗೆ ಸೆಮಿಸ್ಟರಿಗೆ ಆರು ಯುನಿಟ್ ಸಿಕ್ಕರೆ ಐದು ವರ್ಷ ಬೇಕು. ಈ ಕಾಲೇಜುಗಳಲ್ಲಿ ಅರೆಕಾಲಿಕರೇ ಹೆಚ್ಚು. ಅವರಿಗೆ ಐದು ವರ್ಷ ವಿಳಂಬವಲ್ಲ, ಅವರ ಬದುಕಿಗೆ ಹೊಂದುವ ವೇಗ. ಎರಡು ವರ್ಷದ ಗಡಿಯಾರ ಹಿಡಿದು ಅವರನ್ನು ಅಳೆದು ಸೋತವರ ಪಟ್ಟಿಗೆ ಸೇರಿಸುವ ವರದಿಗಳು ಅನ್ಯಾಯ ಮಾಡುತ್ತವೆ.

ಎರಡನೆಯ ಕಾರಣ ಬಹುಕಾಲ ಕಣ್ಣಿಗೆ ಬೀಳದೇ ಇತ್ತು. ಕಾಲೇಜಿಗೆ ಬಂದವರಿಗೆ ಇಂಗ್ಲಿಷ್ ಮತ್ತು ಗಣಿತದಲ್ಲಿ ಮಟ್ಟ ಅಳೆಯುವ ಪರೀಕ್ಷೆ ಕೊಟ್ಟು, ಅಂಕ ಕಡಿಮೆಯಾದರೆ ಹೈಸ್ಕೂಲಿನ ಪಾಠವನ್ನೇ ಮತ್ತೆ ಕಲಿಸುವ ಪೂರಕ ತರಗತಿಗಳಿಗೆ ಹಾಕುತ್ತಿದ್ದರು. ಆ ಯುನಿಟ್ಟುಗಳು ವರ್ಗಾವಣೆಗೆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಗಣಿತದಲ್ಲಿ ಮೂರು ಮೆಟ್ಟಿಲು ಕೆಳಗೆ ಬಿದ್ದ ವಿದ್ಯಾರ್ಥಿ ಕಾಲೇಜು ಮಟ್ಟದ ಮೊದಲ ಪಾಠ ಕೇಳುವ ಹೊತ್ತಿಗೆ ಒಂದೂವರೆ ವರ್ಷ ಕಳೆದಿರುತ್ತಿತ್ತು. ಬಹಳ ಮಂದಿ ಅಲ್ಲಿಯವರೆಗೆ ಬರುತ್ತಲೇ ಇರಲಿಲ್ಲ. 2017ರ ಎಬಿ 705 ಎಂಬ ಕಾನೂನು ಹೈಸ್ಕೂಲಿನ ಅಂಕಗಳನ್ನೇ ಆಧಾರವಾಗಿಟ್ಟು ನೇರವಾಗಿ ವರ್ಗಾವಣೆ ಮಟ್ಟದ ತರಗತಿಗೆ ಸೇರಿಸಬೇಕೆಂದಿತು. 2019ರಿಂದ ಅದು ಜಾರಿಯಲ್ಲಿದೆ. 2022ರ ಎಬಿ 1705 ಇನ್ನೂ ಮುಂದೆ ಹೋಗಿ, ವಿಜ್ಞಾನ ಮತ್ತು ಎಂಜಿನಿಯರಿಂಗ್ ಓದುವವರನ್ನು ಕ್ಯಾಲ್ಕುಲಸ್‌ಗೆ ಆದಷ್ಟು ನೇರವಾಗಿ ಕಳಿಸುವತ್ತ ಕಾಲೇಜುಗಳನ್ನು ದೂಡಿತು. ತಳಹದಿಯಿಲ್ಲದವರನ್ನು ಆಳಕ್ಕೆ ತಳ್ಳಿದಂತಾಗುತ್ತದೆ ಎಂದು ಗಣಿತದ ಅಧ್ಯಾಪಕರಲ್ಲಿ ಅನೇಕರು ಇದನ್ನು ವಿರೋಧಿಸಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಹಾಗೆಂದು ಹಳೆಯ ಪದ್ಧತಿಯ ಸಮರ್ಥನೆಗೆ ಅದು ಸಾಲದು. ಒಂದು ಪರೀಕ್ಷೆಯ ಒಂದು ಗಂಟೆ ಒಬ್ಬನ ಒಂದೂವರೆ ವರ್ಷವನ್ನು ತೀರ್ಮಾನಿಸುತ್ತಿತ್ತು.

ಮೂರನೆಯದು ವಿಷಯಗಳ ಸರಪಳಿ. ಎಂಜಿನಿಯರಿಂಗ್ ಉದಾಹರಣೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಪ್ರಿ-ಕ್ಯಾಲ್ಕುಲಸ್ ಮುಗಿಸದೆ ಮೊದಲ ಕ್ಯಾಲ್ಕುಲಸ್ ಇಲ್ಲ, ಅದಿಲ್ಲದೆ ಎರಡನೆಯದಿಲ್ಲ, ಅದರ ಮೇಲೆ ಬಹುಚರ ಕ್ಯಾಲ್ಕುಲಸ್, ಅದರಾಚೆ ಅವಕಲ ಸಮೀಕರಣಗಳು ಮತ್ತು ರೇಖೀಯ ಬೀಜಗಣಿತ. ಭೌತಶಾಸ್ತ್ರದ ಮೂರು ಭಾಗಗಳು ಈ ಗಣಿತಕ್ಕೆ ಕಟ್ಟಿಕೊಂಡಿವೆ. ಪ್ರಿ-ಕ್ಯಾಲ್ಕುಲಸ್‌ನಿಂದ ಹೊರಟ ವಿದ್ಯಾರ್ಥಿ ಎಲ್ಲವನ್ನೂ ಮೊದಲ ಪ್ರಯತ್ನದಲ್ಲೇ ಪಾಸು ಮಾಡಿದರೂ ಐದು ಸೆಮಿಸ್ಟರ್ ಹಿಡಿಯುತ್ತದೆ. ಸೆಮಿಸ್ಟರಿಗೆ 15ರ ಬದಲು 18 ಯುನಿಟ್ ಓದಿದರೂ ಈ ಸರಪಳಿ ಕಿರಿದಾಗುವುದಿಲ್ಲ, ಏಕೆಂದರೆ ಕೊಂಡಿಗಳನ್ನು ಒಟ್ಟಿಗೆ ಓದಲಾಗದು. ಸಣ್ಣ ಕಾಲೇಜುಗಳಲ್ಲಿ ಕೊನೆಯ ಕೊಂಡಿಗಳು ವರ್ಷಕ್ಕೊಮ್ಮೆ ಮಾತ್ರ ಕಲಿಸಲ್ಪಡುತ್ತವೆ. ಸೇರಿದವರು ಕಡಿಮೆಯಾದರೆ ಆ ತರಗತಿಯೂ ರದ್ದು. ಸೀಟು ಸಿಗದೆ ಕಾಯುವ ಪಟ್ಟಿಯಲ್ಲಿ ಉಳಿದವರಿಗೆ ಒಂದು ವಿಷಯದಿಂದಾಗಿ ಇಡೀ ವರ್ಷ ಜಾರುತ್ತದೆ. ಇತಿಹಾಸವನ್ನೋ ಸಮಾಜಶಾಸ್ತ್ರವನ್ನೋ ಆರಿಸಿಕೊಂಡವರಿಗೆ ಈ ಕಷ್ಟವಿಲ್ಲ.

ಇದಕ್ಕೆ ಸೇರಿಕೊಂಡಂತೆ ಇನ್ನೊಂದು ತೊಡಕಿದೆ: ಒಂದೇ ಮೇಜರ್‌ಗೆ, ಅಂದರೆ ಪದವಿಯ ಮುಖ್ಯ ವಿಷಯಕ್ಕೆ, ಬೇರೆ ಬೇರೆ ವಿಶ್ವವಿದ್ಯಾಲಯಗಳು ಬೇರೆ ಬೇರೆ ವಿಷಯ ಕೇಳುತ್ತವೆ. ಯುಸಿಯ ಬರ್ಕ್ಲಿ ಕ್ಯಾಂಪಸ್ ಕೇಳುವ ಪಟ್ಟಿ ಬೇರೆ, ಸ್ಯಾನ್ ಡಿಯೇಗೋ ಕ್ಯಾಂಪಸ್ಸಿನದು ಬೇರೆ, ಊರಿನ ಪಕ್ಕದ ರಾಜ್ಯ ವಿಶ್ವವಿದ್ಯಾಲಯದ್ದು ಮತ್ತೂ ಬೇರೆ. ಯಾವ ಕಾಲೇಜಿನ ಯಾವ ವಿಷಯ ಎಲ್ಲಿ ಯಾವುದಕ್ಕೆ ಸಮ ಎಂದು ತಿಳಿಸುವ ಅಸಿಸ್ಟ್ ಎಂಬ ಸಾರ್ವಜನಿಕ ತಾಣ ಇದೆ, ಒಳ್ಳೆಯ ಸಾಧನವೂ ಹೌದು. ಆದರೆ ನಾಲ್ಕೈದು ಕಡೆ ಅರ್ಜಿ ಹಾಕಬೇಕೆಂದಿರುವವನು ನಾಲ್ಕೈದು ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಓದಬೇಕು. ಎಲ್ಲ ಪಟ್ಟಿಗಳನ್ನೂ ತೃಪ್ತಿಪಡಿಸಲು ಹೊರಟರೆ ಯುನಿಟ್ಟುಗಳು 60 ದಾಟಿ 80ಕ್ಕೆ, 90ಕ್ಕೆ ಹೋಗುತ್ತವೆ. ನಡುವೆ ಮೇಜರ್ ಬದಲಿಸಿದರೆ ಹಳೆಯ ಸರಪಳಿಯ ಜಾಗಕ್ಕೆ ಹೊಸದು. ಕಾಲೇಜಿನ ಕೌನ್ಸೆಲರ್ ಒಬ್ಬರ ಪಾಲಿಗೆ ನೂರಾರು ವಿದ್ಯಾರ್ಥಿಗಳಿರುವಾಗ, ಅರ್ಧ ಗಂಟೆಯ ಭೇಟಿಯಲ್ಲಿ ಇದನ್ನೆಲ್ಲ ಬಿಡಿಸಿಡುವುದು ಅವರಿಂದಲೂ ಆಗದ ಮಾತು.

ಹೆಚ್ಚು ವರ್ಷ ಉಳಿಯುವುದು ನಷ್ಟವೇ ಎಂಬ ಬಗ್ಗೆ ವಿದ್ವಾಂಸರ ನಡುವೆ ಹಳೆಯ ಜಗಳವಿದೆ. ಸ್ಯಾನ್ ಹೋಸೆಯ ಜೂನಿಯರ್ ಕಾಲೇಜನ್ನು ಹತ್ತಿರದಿಂದ ನೋಡಿದ ಸಮಾಜಶಾಸ್ತ್ರಜ್ಞ ಬರ್ಟನ್ ಕ್ಲಾರ್ಕ್ 1960ರಲ್ಲಿ, ಮಾಸ್ಟರ್ ಪ್ಲಾನ್ ಬಂದ ವರ್ಷವೇ, ಒಂದು ಅಹಿತಕರ ಮಾತು ಹೇಳಿದರು. ಬಾಗಿಲು ಎಲ್ಲರಿಗೂ ತೆರೆದಿರುವ ಕಾಲೇಜು ಎಲ್ಲರನ್ನೂ ಮುಂದಕ್ಕೆ ಕಳಿಸಲಾರದು. ಹಾಗಾಗಿ ವಿಶ್ವವಿದ್ಯಾಲಯದ ಆಸೆ ಹೊತ್ತು ಬಂದವರ ಕಾವನ್ನು ಮೆಲ್ಲಗೆ ಇಳಿಸಿ, ಬೇರೆ ದಾರಿಗೆ ಹೊರಳಿಸುವುದು ಅದರ ಹೇಳಿಕೊಳ್ಳದ ಕೆಲಸ ಎಂದರು. ಸ್ಟೀವನ್ ಬ್ರಿಂಟ್ ಮತ್ತು ಜೆರೋಮ್ ಕರಾಬೆಲ್ 1989ರ ತಮ್ಮ ಪುಸ್ತಕದಲ್ಲಿ ಇದನ್ನು ಇನ್ನಷ್ಟು ಬೆಳೆಸಿ, ಕಾಲೇಜುಗಳು ತಮ್ಮ ಉಳಿವಿಗಾಗಿ ವೃತ್ತಿ ಶಿಕ್ಷಣದ ಕಡೆ ತಿರುಗಿದ ಇತಿಹಾಸ ಬರೆದರು. ಈ ದೃಷ್ಟಿಯಲ್ಲಿ ಹೆಚ್ಚಿನ ವರ್ಷಗಳೆಂದರೆ ಕಾವು ಇಳಿಯುವ ವರ್ಷಗಳು: ಉಳಿದಷ್ಟೂ ಹೊರಡುವ ಸಂಭವ ಕಡಿಮೆ.

ಎದುರು ಬದಿಯ ವಾದಕ್ಕೆ ಬಲ ಬಂದದ್ದು ತಡವಾಗಿ. ಡೇವಿಡ್ ಮೊನಹನ್ ಮತ್ತು ಪಾಲ್ ಅಟ್ವೆಲ್ 2015ರಲ್ಲಿ ಪ್ರಕಟಿಸಿದ ಅಧ್ಯಯನ ಒಂದೇ ಬಗೆಯ ಹಿನ್ನೆಲೆಯ ವಿದ್ಯಾರ್ಥಿಗಳನ್ನು ಹೋಲಿಸಿತು. ಪದವಿ ತಪ್ಪಲು ದೊಡ್ಡ ಕಾರಣ ವರ್ಗಾವಣೆಯ ಹೊತ್ತಿಗೆ ಗಳಿಸಿದ ಕ್ರೆಡಿಟ್ಟುಗಳು ಕಳೆದುಹೋಗುವುದು ಎಂದು ಅದು ತೋರಿಸಿತು. ಬಹುಪಾಲು ಕ್ರೆಡಿಟ್ ಉಳಿಸಿಕೊಂಡವರು ಪದವಿ ಮುಗಿಸುವ ಸಂಭವ ಬಹಳ ಹೆಚ್ಚಿತ್ತು. ಎರಡು ವರ್ಷದ ಬಳಿಕ, ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2004ರಿಂದ 2009ರವರೆಗಿನ ಎಲ್ಲ ಬಗೆಯ ವರ್ಗಾವಣೆಗಳನ್ನು ಸೇರಿಸಿ ಲೆಕ್ಕ ಹಾಕಿದಾಗ, ಸರಾಸರಿ ಶೇ. 43ರಷ್ಟು ಕ್ರೆಡಿಟ್ಟುಗಳು ದಾರಿಯಲ್ಲಿ ಉದುರುತ್ತವೆ ಎಂಬ ಅಂದಾಜು ಸಿಕ್ಕಿತು. ಸರ್ಕಾರಿ ಕಾಲೇಜಿನಿಂದ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೋದವರಿಗೆ ನಷ್ಟ ಇದಕ್ಕಿಂತ ಕಡಿಮೆ, ಲಾಭಕ್ಕಾಗಿ ನಡೆಯುವ ಖಾಸಗಿ ಸಂಸ್ಥೆಗಳ ಕಡೆ ಹೆಚ್ಚು. ಇವೆರಡನ್ನೂ ಜೊತೆಗಿಟ್ಟು ಓದಿದರೆ ವಿಳಂಬದ ಪ್ರಶ್ನೆಯ ಆಕಾರವೇ ಬದಲಾಗುತ್ತದೆ. ಎಷ್ಟು ವರ್ಷ ಓದಿದೆ ಎಂಬುದಕ್ಕಿಂತ, ಓದಿದ್ದರಲ್ಲಿ ಎಷ್ಟು ಮುಂದಿನ ಕಡೆ ಲೆಕ್ಕಕ್ಕೆ ಬಂತು ಎಂಬುದು ದೊಡ್ಡದಾಗುತ್ತದೆ.

ಹೆಚ್ಚಿನ ವರ್ಷ ಲಾಭ ಕೊಡುವ ಸಂದರ್ಭಗಳನ್ನು ಇಲ್ಲಿಂದ ಗುರುತಿಸಬಹುದು. ಅವುಗಳಲ್ಲಿ ಮುಖ್ಯವಾದದ್ದು ಮೇಜರ್‌ನ ಪೂರ್ವಸಿದ್ಧತೆ ಮುಗಿಸಿಕೊಂಡು ಹೋಗುವುದು. ಎಂಜಿನಿಯರಿಂಗಿನ ವಿದ್ಯಾರ್ಥಿ ಎರಡೇ ವರ್ಷಕ್ಕೆ 60 ಯುನಿಟ್ ತುಂಬಿಸಿ, ಅರ್ಧ ಸರಪಳಿ ಬಾಕಿ ಇಟ್ಟು ವರ್ಗವಾದರೆ ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ ಕೂರಬೇಕಾಗುತ್ತದೆ. ಮೂರು ವರ್ಷ ಇಲ್ಲೇ ಇದ್ದು ಸರಪಳಿ ಮುಗಿಸಿ ಹೋದರೆ ಅಲ್ಲಿ ಎರಡು ವರ್ಷ. ಎರಡೂ ದಾರಿಯಲ್ಲಿ ಒಟ್ಟು ಐದೇ ವರ್ಷ. ಖರ್ಚು ಮಾತ್ರ ಬೇರೆ. ಕ್ಯಾಲಿಫೋರ್ನಿಯಾದ ನಿವಾಸಿಗೆ ಕಮ್ಯುನಿಟಿ ಕಾಲೇಜಿನ ಶುಲ್ಕ 2012ರಿಂದಲೂ ಯುನಿಟ್ಟಿಗೆ 46 ಡಾಲರ್. ವರ್ಷಕ್ಕೆ 30 ಯುನಿಟ್ ಓದಿದರೆ 1,380 ಡಾಲರ್. ಯುಸಿಯ ವಾರ್ಷಿಕ ಶುಲ್ಕ 14,000 ಡಾಲರ್ ದಾಟಿದೆ. ಅದರ ಮೇಲೆ ಬಾಡಿಗೆ, ಊಟ. ಮನೆಯಲ್ಲಿದ್ದುಕೊಂಡು ಓದುವ ವರ್ಷಕ್ಕೂ ಬರ್ಕ್ಲಿಯಲ್ಲೋ ಲಾಸ್ ಏಂಜಲಿಸ್‌ನಲ್ಲೋ ಕೋಣೆ ಹಿಡಿದು ಓದುವ ವರ್ಷಕ್ಕೂ ಇರುವ ಅಂತರ ಸುಲಭವಾಗಿ ಹತ್ತಾರು ಸಾವಿರ ಡಾಲರ್ ಆಗುತ್ತದೆ. ಎರಡು ವರ್ಷಕ್ಕೇ ಹೊರಟುಬಿಟ್ಟೆ ಎಂಬ ಹೆಮ್ಮೆಗೆ ಕೊಡುವ ಬೆಲೆ ಇದು. ಮೇಲುಹಂತದ ಪಾಠಗಳಿಗೆ ಬೇಕಾದ ತಳಹದಿಯಿಲ್ಲದೆ ಹೋದವರಿಗೆ ಮೊದಲ ಸೆಮಿಸ್ಟರಿನ ಅಂಕ ಕುಸಿಯುವುದೂ ಉಂಟು. ಜಾನ್ ಹಿಲ್ಸ್ 1965ರಲ್ಲೇ ಇದನ್ನು ಗುರುತಿಸಿ ವರ್ಗಾವಣೆಯ ಆಘಾತ ಎಂದು ಕರೆದರು. ಯುಸಿಗೆ ವರ್ಗವಾಗಿ ಬಂದವರಲ್ಲಿ ಬಹುಪಾಲು ಜನ ನಾಲ್ಕು ವರ್ಷದೊಳಗೆ ಪದವಿ ಪಡೆಯುತ್ತಾರೆ. ಸಿದ್ಧತೆ ಮುಗಿಸಿ ಬಂದವರಿಗೆ ಆಘಾತ ಶಾಶ್ವತವಲ್ಲ.

ಅರ್ಜಿಯ ಕ್ಯಾಲೆಂಡರ್ ಮತ್ತೊಂದು ಕಾರಣ ಕೊಡುತ್ತದೆ. ಮುಂದಿನ ವರ್ಷದ ಶರತ್ಕಾಲಕ್ಕೆ ಸೇರಬೇಕಾದರೆ ಯುಸಿಗೆ ಅರ್ಜಿ ಹೋಗಬೇಕಾದದ್ದು ನವೆಂಬರ್ ಕೊನೆಯ ಹೊತ್ತಿಗೆ. ಎರಡು ವರ್ಷಕ್ಕೆ ಹೊರಡುವ ವಿದ್ಯಾರ್ಥಿ ಆಗ ಮೂರನೆಯ ಸೆಮಿಸ್ಟರಿನ ನಡುವೆ ಇರುತ್ತಾನೆ. ಕೈಯಲ್ಲಿರುವುದು ಒಂದು ವರ್ಷದ ಅಂಕಗಳು. ಜನವರಿಯಲ್ಲಿ ಇನ್ನೊಂದು ಸೆಮಿಸ್ಟರಿನದು ಸೇರುತ್ತದೆ. ಹೈಸ್ಕೂಲಿನಿಂದ ಬಂದ ಹೊಸತರಲ್ಲಿ, ಏನು ಓದಬೇಕೆಂದೇ ತಿಳಿಯದ ದಿನಗಳಲ್ಲಿ ಬಂದ ಅಂಕಗಳ ಮೇಲೆ ತೀರ್ಪು ನಡೆಯುತ್ತದೆ. ಮೂರನೆಯ ವರ್ಷಕ್ಕೆ ಉಳಿದವನು ಪೂರ್ತಿ ಎರಡು ವರ್ಷದ ಸಾಧನೆ ಮುಂದಿಡಬಹುದು. ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯೇಗೋ ಬಿಟ್ಟು ಉಳಿದ ಆರು ಯುಸಿ ಕ್ಯಾಂಪಸ್ಸುಗಳು ನಿಗದಿತ ವಿಷಯ ಮತ್ತು ಅಂಕ ಪೂರೈಸಿದವರಿಗೆ ಸೀಟಿನ ಖಾತರಿ ಕೊಡುವ ಟ್ಯಾಗ್ ಎಂಬ ಒಪ್ಪಂದ ಇಟ್ಟಿವೆ. ಅದರಲ್ಲಿ ಒಂದು ಕ್ಯಾಂಪಸ್ಸಿಗೆ ಮಾತ್ರ ಅರ್ಜಿ ಹಾಕಬಹುದು, ಕೆಲವು ಮೇಜರ್‌ಗಳಿಗೆ ಅದು ಅನ್ವಯಿಸದು. ಒಂದು ವಿಷಯ ಬಾಕಿ ಉಳಿದು ಟ್ಯಾಗ್ ತಪ್ಪುವವರಿಗೆ ಇನ್ನೊಂದು ವರ್ಷ ನಿಲ್ಲುವುದು ಮೂರ್ಖತನವಲ್ಲ.

ಅಂಕ ಏರಿಸಿಕೊಳ್ಳಲೆಂದೇ ಉಳಿಯುವವರ ಲೆಕ್ಕ ಇಷ್ಟು ಹಸನಾಗಿಲ್ಲ. ಸಿ ಅಥವಾ ಅದಕ್ಕಿಂತ ಮೇಲಿನ ದರ್ಜೆ ಬಂದ ವಿಷಯವನ್ನು ಮತ್ತೆ ಓದಿ ಅಂಕ ಬದಲಿಸಿಕೊಳ್ಳಲು ಬರುವುದಿಲ್ಲ. ಹೊಸ ವಿಷಯಗಳನ್ನು ಸೇರಿಸಿ ಸರಾಸರಿಯನ್ನು ಎತ್ತಬೇಕು. 60 ಯುನಿಟ್ಟಿಗೆ 3.0 ಸರಾಸರಿ ಇದ್ದವನು ಇನ್ನೊಂದು ವರ್ಷ 24 ಯುನಿಟ್ ಓದಿ ಎಲ್ಲದರಲ್ಲೂ ಎ ಪಡೆದರೂ ಸರಾಸರಿ 3.29ಕ್ಕೆ ನಿಲ್ಲುತ್ತದೆ. ಪೈಪೋಟಿ ಹೆಚ್ಚಿರುವ ಕಂಪ್ಯೂಟರ್ ಸೈನ್ಸಿನಂಥ ಕಡೆ ಇದು ಸಾಲದು. ಹಾಗೆ ಸೇರಿಸಿದ ವಿಷಯಗಳು ಮೇಜರ್‌ಗೆ ಸಂಬಂಧಿಸದಿದ್ದರೆ ಅರ್ಜಿ ಓದುವವರಿಗೂ ಅವು ಬರೀ ತುಂಬುಸಾಮಗ್ರಿಯಾಗಿ ಕಾಣುತ್ತವೆ. ಯುಸಿ ಪದವಿಗೆ ಸೇರಿಸಿಕೊಳ್ಳುವುದು ಕಮ್ಯುನಿಟಿ ಕಾಲೇಜಿನ 70 ಸೆಮಿಸ್ಟರ್ ಯುನಿಟ್ ಮಾತ್ರ. ರಾಜ್ಯ ವಿಶ್ವವಿದ್ಯಾಲಯಗಳ ಮಿತಿಯೂ ಅಷ್ಟೇ. ಅದಕ್ಕೆ ಮೀರಿ ಓದಿದ ವಿಷಯ ಮೇಜರ್‌ನ ಷರತ್ತನ್ನು ಪೂರೈಸಬಹುದು, ಯುನಿಟ್ಟಾಗಿ ಮಾತ್ರ ಕೂಡಿಕೆಯಾಗದು. ಕಮ್ಯುನಿಟಿ ಕಾಲೇಜಿನಲ್ಲಷ್ಟೇ ಓದಿದವರನ್ನು ಯುನಿಟ್ ಹೆಚ್ಚಾಯಿತೆಂಬ ಕಾರಣಕ್ಕೆ ಯುಸಿ ತಿರಸ್ಕರಿಸುವುದಿಲ್ಲ. ಮೊದಲು ಬೇರೊಂದು ವಿಶ್ವವಿದ್ಯಾಲಯದಲ್ಲಿ ಓದಿ ಬಂದವರು ಈ ವಿಷಯದಲ್ಲಿ ಎಚ್ಚರ ವಹಿಸಬೇಕು.

ನೆರವಿನ ಹಣಕ್ಕೆ ತನ್ನದೇ ಗಡಿಯಾರವಿದೆ, ಬಡ ಮನೆಯ ಮಕ್ಕಳಿಗೆ ಪೆಟ್ಟು ಬೀಳುವುದು ಇಲ್ಲಿ. ಒಕ್ಕೂಟ ಸರ್ಕಾರದ ಪೆಲ್ ಅನುದಾನ 2012ರಿಂದ ಜೀವಮಾನಕ್ಕೆ 12 ಪೂರ್ಣಾವಧಿ ಸೆಮಿಸ್ಟರಿಗೆ ಸೀಮಿತ. ನಾಲ್ಕು ವರ್ಷ ಪೂರ್ಣಾವಧಿಯ ಅನುದಾನ ಕಮ್ಯುನಿಟಿ ಕಾಲೇಜಿನಲ್ಲೇ ಖರ್ಚಾದರೆ, ದುಬಾರಿ ವಿಶ್ವವಿದ್ಯಾಲಯಕ್ಕೆ ಉಳಿಯುವುದು ಎರಡೇ ವರ್ಷ. ಅಲ್ಲಿ ಒಂದು ಸೆಮಿಸ್ಟರ್ ಹೆಚ್ಚಾದರೂ ಕೈಯಿಂದಲೇ ಕೊಡಬೇಕು. ರಾಜ್ಯದ ಕ್ಯಾಲ್ ಗ್ರಾಂಟ್ ಒಟ್ಟು ನಾಲ್ಕು ವರ್ಷದ್ದು. ಹೊಸದಾಗಿ ಸೇರಿದ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಶುಲ್ಕ ಬಿಡುವ ಪ್ರಾಮಿಸ್ ಯೋಜನೆ ಮೊದಲ ಎರಡು ವರ್ಷಕ್ಕಷ್ಟೇ. ಇದಲ್ಲದೆ, ಓದುತ್ತಿರುವ ಕೋರ್ಸಿನ ಒಂದೂವರೆ ಪಟ್ಟು ಯುನಿಟ್ಟುಗಳೊಳಗೆ ಮುಗಿಸಬೇಕೆಂಬ ನಿಯಮವಿದೆ: 60ರ ಕೋರ್ಸಿಗೆ 90. ಫೇಲಾದದ್ದು, ನಡುವೆ ಬಿಟ್ಟು ಡಬ್ಲ್ಯು ಬಿದ್ದದ್ದು ಎಲ್ಲವೂ ಆ 90ರಲ್ಲಿ ಸೇರುತ್ತವೆ. ಅಲೆದಾಡಿದ ವಿದ್ಯಾರ್ಥಿಗೆ ಮನವಿ ಸಲ್ಲಿಸುವ ಅವಕಾಶ ಇದೆ, ಗೆಲ್ಲುವ ಖಾತರಿ ಇಲ್ಲ. ಇವಕ್ಕೆಲ್ಲ ಒಂದು ವರ್ಷ ತಡವಾಗಿ ಶುರುವಾಗುವ ಸಂಬಳವನ್ನೂ ಕೂಡಿಸಬೇಕು. ಮುಂದಿನ ಒಂದು ವರ್ಷವನ್ನು ಉಳಿಸದ ಹೆಚ್ಚಿನ ವರ್ಷದ ನಿಜವಾದ ಬೆಲೆ 1,380 ಡಾಲರ್ ಅಲ್ಲ, ಪದವೀಧರನ ಒಂದು ವರ್ಷದ ದುಡಿಮೆ.

ಹಣದ ಲೆಕ್ಕಕ್ಕೆ ಸಿಗದ ನಷ್ಟವೂ ಇದೆ. ಜೊತೆಯಲ್ಲಿ ಸೇರಿದವರು ಹೊರಟುಹೋದ ಮೇಲೆ ಓದಿನ ವೇಗ ತಗ್ಗುತ್ತದೆ. ಕೆಲಸದ ಗಂಟೆಗಳು ಏರುತ್ತವೆ, ಯುನಿಟ್ ಇಳಿಯುತ್ತವೆ. ಮುಂದಿನ ವರ್ಷ ಹೋದರಾಯಿತು ಎಂಬ ಮಾತು ಮತ್ತೊಂದು ವರ್ಷಕ್ಕೂ ಹೊಂದುತ್ತದೆ. ಬರ್ಟನ್ ಕ್ಲಾರ್ಕ್ ಹೇಳಿದ್ದು ಈ ಸಂದರ್ಭಕ್ಕೆ ಚೆನ್ನಾಗಿ ಒಪ್ಪುತ್ತದೆ. ಇಡೀ ದೇಶದಲ್ಲಿ ಕಮ್ಯುನಿಟಿ ಕಾಲೇಜಿಗೆ ಸೇರುವವರಲ್ಲಿ ಬಹುಪಾಲು ಜನ ಪದವಿಯ ಆಸೆ ಇಟ್ಟುಕೊಂಡೇ ಬರುತ್ತಾರೆ. ವರ್ಗವಾಗುವವರು ಸುಮಾರು ಮೂರನೇ ಒಂದು ಭಾಗ. ಸೇರಿದ ಆರು ವರ್ಷದೊಳಗೆ ಪದವಿ ಹಿಡಿಯುವವರು ಆ ವರ್ಗವಾದವರಲ್ಲೂ ಅರ್ಧಕ್ಕಿಂತ ಕಡಿಮೆ.

ಹಾಗೆಂದು ವರ್ಷ ಹೆಚ್ಚಾದವರೆಲ್ಲ ಹಿಂದುಳಿದರು ಎನ್ನುವಂತಿಲ್ಲ. ಮಾನವ ಜೀನೋಮಿನ ಅನುಕ್ರಮ ಬಿಡಿಸಿದವರಲ್ಲಿ ಒಬ್ಬರಾದ ಕ್ರೇಗ್ ವೆಂಟರ್ ವಿಯೆಟ್ನಾಂ ಯುದ್ಧದಲ್ಲಿ ಸೇವೆ ಮುಗಿಸಿ ಬಂದ ಮೇಲೆ ಕಾಲೇಜ್ ಆಫ್ ಸ್ಯಾನ್ ಮಟೇಓದಲ್ಲಿ ಓದು ಹಿಡಿದವರು; ಅಲ್ಲಿಂದ ಯುಸಿ ಸ್ಯಾನ್ ಡಿಯೇಗೋಗೆ ಹೋಗಿ 1972ರಲ್ಲಿ ಪದವಿ, 1975ರಲ್ಲಿ ಡಾಕ್ಟರೇಟ್ ಪಡೆದರು. ಅಮೆರಿಕದ ಬಾಹ್ಯಾಕಾಶ ನೌಕೆಯ ಮೊದಲ ಮಹಿಳಾ ಕಮಾಂಡರ್ ಐಲೀನ್ ಕಾಲಿನ್ಸ್ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಕಮ್ಯುನಿಟಿ ಕಾಲೇಜಿನಿಂದ 1976ರಲ್ಲಿ ಹೊರಬಂದು 1978ರಲ್ಲಿ ಸಿರಕ್ಯೂಸಿನಲ್ಲಿ ಪದವಿ ಮುಗಿಸಿದರು. ವೆಂಟರ್ ತಡವಾಗಿ ಬಂದವರು, ಕಾಲಿನ್ಸ್ ಎರಡು ವರ್ಷದ ಲೆಕ್ಕಕ್ಕೆ ಸರಿಯಾಗಿ ನಡೆದವರು. ಇಬ್ಬರ ಮುಂದಿನ ಸಾಧನೆಯಲ್ಲಿ ಆ ವ್ಯತ್ಯಾಸ ಕಾಣುವುದಿಲ್ಲ.

ಸುಧಾರಣೆಗಳು ಮೂರು ಕಡೆಯಿಂದ ನಡೆದಿವೆ. ಕ್ಯಾಲಿಫೋರ್ನಿಯಾ 2010ರಲ್ಲಿ ಎಸ್‌ಬಿ 1440 ಕಾನೂನಿನ ಮೂಲಕ ವರ್ಗಾವಣೆಗೆಂದೇ 60 ಯುನಿಟ್ಟಿನ ಒಂದು ಪದವಿ ರೂಪಿಸಿತು. ಅದನ್ನು ಮುಗಿಸಿದವರಿಗೆ ರಾಜ್ಯ ವಿಶ್ವವಿದ್ಯಾಲಯಗಳ ಬಳಗದಲ್ಲಿ ಎಲ್ಲಾದರೂ ಒಂದು ಕಡೆ ಸೀಟು ಖಚಿತ. ಬಯಸಿದ ಕ್ಯಾಂಪಸ್ಸೇ ಸಿಗುತ್ತದೆಂಬ ಖಾತರಿ ಇಲ್ಲ. 2021ರ ಎಬಿ 928 ಎರಡೂ ಬಗೆಯ ವಿಶ್ವವಿದ್ಯಾಲಯಗಳಿಗೆ ಒಂದೇ ಸಾಮಾನ್ಯ ಶಿಕ್ಷಣದ ಪಟ್ಟಿ ಇರಬೇಕೆಂದಿತು, ಅದು 2025ರ ಶರತ್ಕಾಲದಿಂದ ಜಾರಿಗೆ ಬಂದಿದೆ. 2021ರದ್ದೇ ಆದ ಎಬಿ 1111 ಎಲ್ಲ ಕಮ್ಯುನಿಟಿ ಕಾಲೇಜುಗಳಲ್ಲೂ ಒಂದೇ ವಿಷಯಕ್ಕೆ ಒಂದೇ ಸಂಖ್ಯೆ ಇರಬೇಕೆನ್ನುತ್ತದೆ. ಫ್ಲೋರಿಡಾ ಇಂಥ ರಾಜ್ಯಮಟ್ಟದ ಒಪ್ಪಂದವನ್ನು 1971ರಲ್ಲೇ ಮಾಡಿಕೊಂಡಿತ್ತು ಎಂಬುದನ್ನು ನೆನೆದರೆ, ಕ್ಯಾಲಿಫೋರ್ನಿಯಾ ಅರ್ಧ ಶತಮಾನ ತಡಮಾಡಿತು ಎನ್ನದೆ ವಿಧಿಯಿಲ್ಲ. ಎರಡನೆಯ ಬಗೆ ಕಾಲೇಜಿನ ಒಳಗಿನದು. ಥಾಮಸ್ ಬೇಲಿ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 2015ರ ಪುಸ್ತಕದಲ್ಲಿ, ನೂರಾರು ವಿಷಯ ಎದುರಿಗಿಟ್ಟು ಬೇಕಾದ್ದನ್ನು ಆರಿಸಿಕೋ ಎನ್ನುವ ಬದಲು ಮೊದಲ ದಿನದಿಂದಲೇ ಗುರಿಯಿರುವ ದಾರಿ ಹಾಕಿಕೊಡಬೇಕೆಂದರು.

ಈ ಎರಡನೆಯ ಬಗೆಗೆ ಎಲ್ಲಕ್ಕಿಂತ ಗಟ್ಟಿಯಾದ ಪುರಾವೆ ಬಂದಿರುವುದು ನ್ಯೂಯಾರ್ಕಿನಿಂದ. ಅಲ್ಲಿನ ನಗರ ವಿಶ್ವವಿದ್ಯಾಲಯ 2007ರಲ್ಲಿ ಶುರುಮಾಡಿದ ಅಸಾಪ್ ಯೋಜನೆ ವಿದ್ಯಾರ್ಥಿಗಳು ಪೂರ್ಣಾವಧಿ ಓದಲೇಬೇಕೆಂಬ ಷರತ್ತು ಹಾಕಿತು. ಪ್ರತಿಯಾಗಿ ಮೆಟ್ರೋ ಕಾರ್ಡು, ಪುಸ್ತಕದ ಖರ್ಚು, ಕಡಿಮೆ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಸಲಹೆಗಾರರನ್ನು ಕೊಟ್ಟಿತು. ಚೀಟಿ ಎತ್ತಿದಂತೆ ಆರಿಸಿದ ಎರಡು ಗುಂಪುಗಳನ್ನು ಹೋಲಿಸಿದಾಗ, ಮೂರು ವರ್ಷದಲ್ಲಿ ಯೋಜನೆಯವರಲ್ಲಿ ಶೇ. 40, ಹೊರಗಿನವರಲ್ಲಿ ಶೇ. 22 ಜನ ಎರಡು ವರ್ಷದ ಪದವಿ ಮುಗಿಸಿದ್ದರು. ವಿದ್ಯಾರ್ಥಿಯ ಸೋಮಾರಿತನ ಎಂದು ತಳ್ಳಿಹಾಕುತ್ತಿದ್ದ ವಿಳಂಬದಲ್ಲಿ ದೊಡ್ಡ ಪಾಲು ಬಸ್ಸಿನ ದುಡ್ಡು, ಪುಸ್ತಕದ ದುಡ್ಡು ಮತ್ತು ದಾರಿ ತೋರಿಸುವವರಿಲ್ಲದ್ದು ಎಂದು ಇದರಿಂದ ತಿಳಿಯಿತು. ಮೂರನೆಯ ಬಗೆ ವರ್ಗಾವಣೆಯನ್ನೇ ತಪ್ಪಿಸುವುದು: ಕ್ಯಾಲಿಫೋರ್ನಿಯಾದ ಕೆಲವು ಕಮ್ಯುನಿಟಿ ಕಾಲೇಜುಗಳು 2014ರ ಕಾನೂನಿನಡಿ ಪ್ರಾಯೋಗಿಕವಾಗಿ ನಾಲ್ಕು ವರ್ಷದ ಪದವಿ ಆರಂಭಿಸಿದವು, 2021ರಲ್ಲಿ ಅದು ಕಾಯಂ ಆಯಿತು. ಹತ್ತಿರದ ವಿಶ್ವವಿದ್ಯಾಲಯ ಕೊಡುವ ಪದವಿಯನ್ನೇ ಅವು ಕೊಡುವಂತಿಲ್ಲವಾದ್ದರಿಂದ ವ್ಯಾಪ್ತಿ ಕಿರಿದು.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರವಾದದ್ದು ಪಾಲಿಟೆಕ್ನಿಕ್ಕಿನಿಂದ ಎಂಜಿನಿಯರಿಂಗಿಗೆ ಹೋಗುವ ದಾರಿ. ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷದ ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದವರು ಬಿ.ಇ.ಯ ಮೂರನೆಯ ಸೆಮಿಸ್ಟರಿಗೆ ನೇರ ಸೇರುತ್ತಾರೆ. ಮೂರು ಮತ್ತು ಮೂರು ಸೇರಿ ಆರು ವರ್ಷ. ಪಿಯುಸಿ ಎರಡು, ಬಿ.ಇ. ನಾಲ್ಕು ಸೇರಿದರೂ ಆರೇ. ಯಾವ ಡಿಪ್ಲೊಮಾದಿಂದ ಎಲ್ಲಿಗೆ ಎಂಬುದನ್ನು ಸರ್ಕಾರವೇ ಕಟ್ಟಿಕೊಟ್ಟಿರುವುದರಿಂದ ಇಲ್ಲಿನ ವಿದ್ಯಾರ್ಥಿಗೆ ಹೆಚ್ಚಿನ ವರ್ಷ ಬರುವುದು ಸಾಮಾನ್ಯವಾಗಿ ಬ್ಯಾಕ್‌ಲಾಗ್ ಉಳಿದಾಗ. ಅಮೆರಿಕದ ವಿದ್ಯಾರ್ಥಿಗೆ ಆಯ್ಕೆಯ ಸ್ವಾತಂತ್ರ್ಯ ಹೆಚ್ಚು, ಆ ಸ್ವಾತಂತ್ರ್ಯದ ಖರ್ಚನ್ನು ಅವನು ವರ್ಷಗಳಲ್ಲಿ ಕಟ್ಟುತ್ತಾನೆ.

ಸಿಲಿಕಾನ್ ಕಣಿವೆಯ ಕನ್ನಡ ಕುಟುಂಬಗಳಿಗೆ ಈ ಪ್ರಶ್ನೆ ದೂರದ್ದಲ್ಲ. ಕ್ಯುಪರ್ಟಿನೋದ ಡಿ ಆಂಜಾ, ಫ್ರೀಮಾಂಟಿನ ಒಲೋನಿ ಕಾಲೇಜುಗಳು ಅವರ ಮನೆಗಳಿಗೆ ಹತ್ತಿರದಲ್ಲೇ ಇವೆ. ಡಿ ಆಂಜಾ ಕ್ವಾರ್ಟರ್ ಪದ್ಧತಿಯದು. ಗಣಿತದ ಸರಪಳಿಯನ್ನು ಅಲ್ಲಿ ಬೇರೆ ರೀತಿ ಎಣಿಸಬೇಕು. ಎಚ್-1ಬಿ ವೀಸಾದಲ್ಲಿರುವವರ ಮಕ್ಕಳಿಗೆ ವಯಸ್ಸಿನ ಗಡುವೂ ಸೇರುತ್ತದೆ. ಅವರ ಎಚ್-4 ಸ್ಥಾನ 21 ತುಂಬಿದ ದಿನ ಮುಗಿಯುತ್ತದೆ, ಅಷ್ಟರೊಳಗೆ ಗ್ರೀನ್ ಕಾರ್ಡ್ ಬರದಿದ್ದರೆ ಓದು ಮುಂದುವರಿಸಲು ಎಫ್-1 ವೀಸಾಕ್ಕೆ ಬದಲಾಗಬೇಕು. ಹದಿನೆಂಟಕ್ಕೆ ಕಮ್ಯುನಿಟಿ ಕಾಲೇಜು ಸೇರಿ ಮೂರು ವರ್ಷ ಉಳಿದವರಿಗೆ ಈ ಗಡುವು ವರ್ಗಾವಣೆಯ ಹೊತ್ತಿಗೇ ಬಂದು ಬೀಳುತ್ತದೆ. ಎಫ್-1ನಲ್ಲಿ ಇರುವವರು, ಬೆಂಗಳೂರಿನಿಂದ ನೇರವಾಗಿ ಬಂದವರೂ ಸೇರಿ, ಪ್ರತಿ ಸೆಮಿಸ್ಟರ್ ಕನಿಷ್ಠ 12 ಯುನಿಟ್ ಓದಲೇಬೇಕು. ಅರೆಕಾಲಿಕವಾಗಿ ನಿಧಾನಕ್ಕೆ ಮುಗಿಸುವ ದಾರಿ ಅವರಿಗೆ ಮುಚ್ಚಿದೆ. ಅವರಿಗೆ ಪೆಲ್ ಅನುದಾನವಿಲ್ಲ. ವೀಸಾದ ಮೇಲೆ ಹೊರಗಿನಿಂದ ಬಂದವರು ಯುನಿಟ್ಟಿಗೆ 46 ಡಾಲರಿನ ಮೇಲೆ ನೂರಾರು ಡಾಲರ್ ಹೆಚ್ಚುವರಿ ತೆರಬೇಕಾಗುತ್ತದೆ. ಎಫ್-1 ಅವಧಿಯ ವಿಸ್ತರಣೆ ಸಿಗುವುದು ಮೇಜರ್ ಬದಲಾವಣೆಯಂಥ ಓದಿನ ಕಾರಣಕ್ಕೆ ಅಥವಾ ದಾಖಲೆಯಿರುವ ಅನಾರೋಗ್ಯಕ್ಕೆ. ಅಂಕ ಕಡಿಮೆಯಾಗಿ ಕಾಲೇಜಿನ ಎಚ್ಚರಿಕೆ ಪಟ್ಟಿಗೆ ಬಿದ್ದದ್ದರಿಂದ ತಡವಾಯಿತು ಎಂಬುದನ್ನು ನಿಯಮ ಕಾರಣವೆಂದು ಒಪ್ಪುವುದಿಲ್ಲ. ವಿಸ್ತರಣೆಯ ಕೋರಿಕೆ ಕಾಲೇಜು ಕೊಟ್ಟ ಐ-20 ಪತ್ರದಲ್ಲಿರುವ ಕೊನೆಯ ದಿನಾಂಕಕ್ಕೆ ಮೊದಲೇ ಕಾಲೇಜಿನ ಅಧಿಕಾರಿಯ ಕೈ ಸೇರಿರಬೇಕು.